ಇಪ್ಪತ್ತೊಂದು ಜೊತೆ ಕಾಲು

ಕದಿರು ಕೊಯ್ದು ಬಂದೆವು. ಕೋವಿಯ ಸದ್ದಿಗೆ
ಪಕ್ಕದ ತೋಟದ ನಾಯಿ ಇನ್ನೂ ಬೊಗಳುತ್ತಿದೆ.
‘ಪೊಲಿ ಪೊಲಿ ದೇವಾ’ ಎಂದು ಕೂಗಿದ ಗಂಟಲಿಗೆ
ಪೊನ್ನಂಪೇಟೆಯ ಚಳಿ ಹಿಡಿದಿದೆ.
ಊಟಕ್ಕೆ ಮುಹೂರ್ತ ಇನ್ನೂ ಬಂದಿಲ್ಲ.
ಅದಕ್ಕೆ ಮೊದಲು ಕಾಲುಗಳು.

ನೆಲ್ಲಕ್ಕಿಯ ದೀಪದ ಕೆಳಗಿಂದ ಸಾಲು,
ವಯಸ್ಸಿನ ಪ್ರಕಾರ. ತಕರಾರು ಅಲ್ಲೇ:
ಬೊಳ್ಳವ್ವ ದೊಡ್ಡವಳೋ, ಮುದ್ದವ್ವ ದೊಡ್ಡವಳೋ?
ಇಬ್ಬರೂ ಹುಟ್ಟಿದ್ದು ಒಂದೇ ವರ್ಷ.
ತಿಂಗಳು ಹೇಳಬೇಕಾದವರು ಗೋಡೆಯ ಫೋಟೊದಲ್ಲಿ
ಪೀಚೆಕತ್ತಿ ಸಿಕ್ಕಿಸಿಕೊಂಡು ಸುಮ್ಮನಿದ್ದಾರೆ.
‘ನೀನೇ ಮೊದಲು’ ‘ಅಯ್ಯೋ, ನೀನೇ ಮೊದಲು’
ಹಿರಿತನ ಇಬ್ಬರಿಗೂ ಬೇಡ.
ನಾವು ಬಗ್ಗಿದ ಬೆನ್ನು ಬಗ್ಗಿಸಿಕೊಂಡೇ ಕಾಯುತ್ತೇವೆ.

ಬಗ್ಗಿದರೆ ಮುಖಗಳಿಲ್ಲ. ಅದೊಂದು ಅನುಕೂಲ.
ಇದು ಚೋಂದಮ್ಮತ್ತೆ: ಎರಡನೇ ಬೆರಳು ಹೆಬ್ಬೆರಳ ಮೇಲೆ
ಹತ್ತಿ ಕೂತಿದೆ, ಅವರ ಮಾತಿನ ಹಾಗೇ.
ಇದು ಅಂಚೆಯ ಪೂವಯ್ಯಜ್ಜ,
ಸೈಕಲ್ ಚೈನಿಗೆ ಕೊಟ್ಟ ಅರ್ಧ ಕಿರುಬೆರಳು.
ಈ ಕೆಂಪು ಉಗುರುಬಣ್ಣ ಮುದ್ದವ್ವನದು,
ಎಪ್ಪತ್ತೆರಡರಲ್ಲಿ. ಯಾರೂ ಏನೂ ಅನ್ನುವಂತಿಲ್ಲ.

ಆಮೇಲೆ ಉತ್ತಯ್ಯ ಚಿಕ್ಕಪ್ಪ.
ನಮ್ಮ ಕಾಫಿ ಕಣಕ್ಕೆ ಹೋಗುವ ದಾರಿಗೆ
ಗೇಟು ಹಾಕಿಸಿದವರು. ಮೂರು ವರ್ಷ.
ಅಮ್ಮ ಜೀಪಿನಲ್ಲೇ ಹೇಳಿದ್ದಳು:
‘ಕಾಲು ಹಿಡಿ. ಗೇಟಿನ ಮಾತು ನಾಳೆ.
ನಾಳೆ ಅಂದರೆ ನಾಳೆ ಅಲ್ಲ.’

ಮೂರು ಸಲ ಮುಟ್ಟಿ ಹಣೆಗೊತ್ತಬೇಕು.
ಮೊದಲ ಸಲ ಗೇಟಿತ್ತು. ಎರಡನೆಯ ಸಲವೂ.
ಮೂರನೆಯದಕ್ಕೆ ಕಂಡಿತು, ನನ್ನ ಬೆರಳು ಒತ್ತಿದಲ್ಲಿ
ಚರ್ಮ ಕುಳಿಬಿದ್ದು ಹಾಗೇ ಉಳಿದಿದೆ,
ಆಗಷ್ಟೇ ಕಲಸಿದ ತಂಬುಟ್ಟಿನ ಮೇಲೆ ಉಳಿದ ಹಾಗೆ.
ತಲೆಯ ಮೇಲಿನ ಕೈ ‘ಬದುಕಿ ಬಾಳು’ ಎಂದಿತು.
ಕೇಳುವುದು ಮರ್ಯಾದೆಯೋ, ಕೇಳದಿರುವುದೋ
ಎನ್ನುವಷ್ಟರಲ್ಲಿ ಹಿಂದಿನವರು ತಳ್ಳಿದರು.

ಎಲೆ ಹಾಕಿದರು. ಎದುರಿಗೇ ಅವರು.
ಹೊಸಕ್ಕಿಯ ಪಾಯಸಕ್ಕೆ ನಮ್ಮ ಮನೆಯಲ್ಲಿ
ಹೊಳೆಯ ಸಣ್ಣ ಕಲ್ಲು ನಾಲ್ಕಾರು ತೊಳೆದು ಹಾಕುತ್ತಾರೆ.
ಸಿಕ್ಕವರಿಗೆ ಕಲ್ಲಿನಂಥ ಆಯುಸ್ಸಂತೆ.
ಸಿಕ್ಕಿತೆಂದು ಕೂಗಬೇಕು, ಮಕ್ಕಳು ಅದಕ್ಕೇ ಕಾಯುತ್ತಾರೆ.
ನನ್ನ ಹಲ್ಲಿಗೆ ಸಿಕ್ಕಿದ್ದು ಸರಿಯಾಗಿ ಅವರು
‘ಈ ಸಲ ಕಾಫಿ ಎಲ್ಲಿ ಒಣಗಿಸುತ್ತೀರಿ?’ ಎಂದಾಗ.
ದವಡೆಗೆ ಸರಿಸಿ, ‘ತಾರಸಿ ಮೇಲೆ’ ಎಂದೆ.
ಎರಡೇ ಪದ.
ಅಮ್ಮ ನನಗೆ ಇನ್ನೊಂದು ಸೌಟು ಬಡಿಸಿದಳು.

ಎಲ್ಲರೂ ಎದ್ದ ಮೇಲೆ ಎಲೆ ತೆಗೆಯುವ ಸರದಿ ನನ್ನದು.
ಚಿಕ್ಕಪ್ಪ ಮಡಚಿಟ್ಟ ಎಲೆ
ಕೈಯಲ್ಲಿ ಬಿಚ್ಚಿಕೊಂಡಿತು. ನಡುದಂಟಿಗೆ ಒರಗಿ,
ಚೀಪಿ ಸ್ವಚ್ಛ ಮಾಡಿದ ಎರಡು ಕಲ್ಲು.
ಒಂದಕ್ಕೂ ಅವರು ಕೂಗಿರಲಿಲ್ಲ.

ಹೊರಗೆ, ಕೈ ತೊಳೆಯುವ ನಲ್ಲಿಯ ಹತ್ತಿರ
‘ನೀನೇ ಮೊದಲು’
ಇನ್ನೂ ಮುಗಿದಿಲ್ಲ.
ನೀರು ಹರಿದು ಹೋಗುತ್ತಿದೆ.