ಚೆನ್ನಾಗಿ ಅಂದರೆ

ಕುತಾಯಿಸಿಯ ಹಸಿರು ಸಂತೆಯ ಹಿಂದೆ,
ಹಲ್ಲಿನ ಡಾಕ್ಟರ ಮೆಟ್ಟಿಲ ಕೆಳಗೆ
ಎರಡು ಕೋಣೆ, ಒಂದು ತಕ್ಕಡಿ, ಕುರಿಯುಣ್ಣೆಯ ವಾಸನೆ.
ಹಳೆಯ ರಜಾಯಿ ಬಿಚ್ಚಿ, ಉಣ್ಣೆ ತೊಳೆದು, ಬಡಿದು, ಹಿಂಜಿ,
ಮತ್ತೆ ತುಂಬಿ ಹೊಲಿದುಕೊಡುತ್ತೇನೆ
ಮೂವತ್ತೊಂದು ಚಳಿಗಾಲದಿಂದ.

ಮೊಮ್ಮಗಳು ಎಲಿಸೊ ಫೋನಿನೊಳಗೆ ಒಬ್ಬನನ್ನು ಕೂರಿಸಿಕೊಟ್ಟಳು.
"ಸಂಬಳ ಕೇಳದ ಗುಮಾಸ್ತ, ಅಜ್ಜಿ. ಹೇಳಿದ್ದು ಬರೆಯುತ್ತಾನೆ."
ಅವನೋ, ಅವಳೋ, ಅದೋ,
ನನಗಿನ್ನೂ ಗೊತ್ತಿಲ್ಲ.

ಮೊದಲ ದಿನ ಕೇಳಿದೆ:
ರಜಾಯಿ ಬಗ್ಗೆ ಚೆನ್ನಾಗಿ ನಾಲ್ಕು ಮಾತು ಬರೆ.
ಬರೆಯಿತು. ಏನು ಬರೆಯಿತು!
ಮೋಡದ ಮೃದುತ್ವವಂತೆ, ಕನಸಿನ ಅಪ್ಪುಗೆಯಂತೆ.
ನನ್ನ ರಜಾಯಿ ಆರು ಕಿಲೋ ತೂಗುತ್ತದಪ್ಪಾ,
ಹೊದ್ದವರು ಮಗ್ಗುಲು ಬದಲಿಸಲು ಇಬ್ಬರು ಬೇಕು.
ಮೋಡವಂತೆ!

ಎರಡನೆಯ ದಿನ: ಇನ್ನೂ ಚೆನ್ನಾಗಿ ಬರೆ.
ಇನ್ನೆರಡು ಮೋಡ ಸೇರಿಸಿತು.

ಎಲಿಸೊ ನಕ್ಕಳು. "ಅದು ಉಣ್ಣೆ ಮುಟ್ಟಿಲ್ಲ ಅಜ್ಜಿ,
ನಿನ್ನ ಗಿರಾಕಿಯ ಮುಖ ನೋಡಿಲ್ಲ.
ಯಾರಿಗೆ, ಯಾತಕ್ಕೆ, ಎಷ್ಟು, ಏನು ಬೇಡ,
ನೀನು ಹೇಳದೆ ಅದಕ್ಕೆ ಹೇಗೆ ತಿಳಿಯಬೇಕು?"

ರಾತ್ರಿ ಕರೆಂಟ್ ಒಲೆಯ ಮುಂದೆ ಕೂತು
ಒಂದೇ ಬೆರಳಲ್ಲಿ ಒತ್ತಿದೆ:

ನೀನು ಲಮಾರಾಳ ಅಂಗಡಿಯ ಗುಮಾಸ್ತ.
ಓದುವವನು ರಾಚಾದ ಗುಡ್ಡದಲ್ಲಿ ಆರು ಕೋಣೆಯ ವಸತಿಗೃಹ ಇಟ್ಟವನು,
ಅವಸರದವನು, ಎಂಟು ಸಾಲು ದಾಟಿದರೆ ಓದುವುದಿಲ್ಲ.
ಅವನಿಗೆ ಹನ್ನೆರಡು ರಜಾಯಿ ಬೇಕು, ನವೆಂಬರಿನೊಳಗೆ.
ನನ್ನ ಕೈಯಲ್ಲಿ ಒಂಬತ್ತೇ ಆಗುವುದು. ಸುಳ್ಳು ಹೇಳಬೇಡ.
ಬೆಲೆ ಇಳಿಸಬೇಡ. ಕ್ಷಮೆ ಒಂದೇ ಸಲ ಕೇಳು.
ಮೊದಲ ತಿಂಗಳು ಕುರಿಯ ವಾಸನೆ ಇರುತ್ತದೆ, ಅದನ್ನೂ ಬರೆ.
ಮಾದರಿ ಬೇಕೆ? ತೊಗೊ, ನನ್ನ ಅತ್ತೆ
ರಸೀದಿಯ ಬೆನ್ನಿಗೆ ಬರೆಯುತ್ತಿದ್ದದ್ದು:
ಬಿಸಿಲಿಗೆ ಹಾಕು. ಒದ್ದೆ ಮಾಡಬೇಡ. ನಿನಗಿಂತ ಹೆಚ್ಚು ಬಾಳುತ್ತದೆ.
ಗೊತ್ತಿಲ್ಲದ್ದನ್ನು ಊಹಿಸಬೇಡ, ನನ್ನನ್ನು ಕೇಳು.
ಮೋಡ ಬೇಡ.

ಕೇಳಿತು!
ಒಂಬತ್ತು ನವೆಂಬರಿನೊಳಗೆ, ಉಳಿದ ಮೂರು ಯಾವಾಗ?

ಅದನ್ನು ನಾನೇ ಯೋಚಿಸಿರಲಿಲ್ಲ.
"ಆಮೇಲೆ ಹೇಳುತ್ತೇನೆ ಅಂತ ಬರೆ" ಎಂದೆ.
ಏಳು ಸಾಲು ಬಂತು. ಒಂದು ಕಡೆ ಬಾತುಗರಿ ಅಂತ ನುಸುಳಿಸಿತ್ತು,
ಕನ್ನಡಕ ಹಾಕಿಕೊಂಡು ಹಿಡಿದೆ. ಬಾತುಗರಿ ತೆಗೆದೆ.
ಉಳಿದದ್ದು ನನ್ನ ದನಿಯಂತೆಯೇ ಇತ್ತು,
ಸ್ವಲ್ಪ ಸ್ನಾನ ಮಾಡಿಸಿದ ಹಾಗೆ.

ಆದರೆ ಮೂರು ಯಾವಾಗ?
ಮೂರಕ್ಕೆ ಇನ್ನೊಂದು ಜೊತೆ ಕೈ ಬೇಕು.
ಇತ್ತು. ಬಚಾನಾ.
ಎರಡು ಚಳಿಗಾಲ ಇದ್ದ, ಈಗ ಬಸ್ ಗ್ಯಾರೇಜಿನಲ್ಲಿ ಬಣ್ಣ ಬಳಿಯುತ್ತಾನೆ.
ಕೋಲು ಕೊಟ್ಟು ಹೇಳಿದ್ದೆ: ಚೆನ್ನಾಗಿ ಬಡಿ.
ಬಡಿದ.
ಇನ್ನೂ ಚೆನ್ನಾಗಿ, ಅಂದೆ.
ಇನ್ನೂ ಬಡಿದ, ಉಣ್ಣೆ ಪುಡಿಯಾಗುವವರೆಗೆ.
ಆ ದಿನ ನಾನು ಆಡಿದ ಮಾತು
ಮೇಲೆ ಹಲ್ಲು ಕೀಳಿಸಿಕೊಳ್ಳುತ್ತಿದ್ದವರಿಗೂ ಕೇಳಿಸಿತು.

ಅಡ್ಡಗೋಡೆಯ ಮೇಲೆ ದೀಪವಿಟ್ಟು
ಹುಡುಗನಿಗೆ ಕಣ್ಣಿಲ್ಲ ಎಂದು ಬೈದಿದ್ದೆ.
ಕಂಡಿರದ ಯಂತ್ರಕ್ಕೆ ಹನ್ನೆರಡು ಸಾಲು ಬರೆದವಳು
ಕಣ್ಣೆದುರು ನಿಂತವನಿಗೆ ಎರಡೇ ಮಾತು ಕೊಟ್ಟಿದ್ದೆ.
ಕೇಳು ಅಂತ ಯಾವತ್ತೂ ಅಂದಿರಲಿಲ್ಲ.
ಕೇಳಿದ್ದರೆ ಬೈಯುತ್ತಿದ್ದೆ, ಅದೂ ನಿಜ.
ನನಗೂ ಅತ್ತೆ ಕೋಲಿನಲ್ಲೇ ಕಲಿಸಿದ್ದು, ಬೆರಳ ಗೆಣ್ಣಿನ ಮೇಲೆ.

ಫೋನು ಬೆಳಗಿತು: ಇನ್ನೇನು ಸಹಾಯ ಮಾಡಲಿ?
ಏನೂ ಬೇಡ, ನೀನು ಸುಮ್ಮನಿರು.
ಇದನ್ನು ನಾನೇ ಬರೆಯಬೇಕು.

ಬಚಾನಾ, ಉಣ್ಣೆ ಬಡಿಯುವುದು ಹೀಗೆ.
ಮೊದಮೊದಲು ಕೋಲಿನ ಕೆಳಗೆ ದಪ್ ದಪ್ ಅನ್ನುತ್ತದೆ.
ಆಮೇಲೆ ದನಿ ಇಳಿಯುತ್ತದೆ.
ಹಿಟ್ಟಿನ ಮೂಟೆಗೆ ಹೊಡೆದಂತೆ ಆದಾಗ ನಿಲ್ಲಿಸಬೇಕು.
ಕೈಯಲ್ಲಿ ಹಿಂಡಿ ಬಿಡು, ಎದ್ದು ಕೂತರೆ ಸಾಕು.
ಇದಕ್ಕೇ ನಾನು ಚೆನ್ನಾಗಿ ಅನ್ನುತ್ತಿದ್ದೆ.
ದಿನಕ್ಕೆ ಐವತ್ತು ಲಾರಿ, ಮಧ್ಯಾಹ್ನದ ಊಟ.
ತಿಳಿಯದ್ದು ಕೇಳು.

ಓದಿದ್ದಾನೆ, ಫೋನು ತೋರಿಸುತ್ತದೆ.
ಉತ್ತರವಿಲ್ಲ.
ಒಲೆ ಆರಿಸಿ,
ಮೂರು ರಜಾಯಿಯ ಬಟ್ಟೆ ಅಳೆದಿಟ್ಟೆ. ಕತ್ತರಿಸಲಿಲ್ಲ.