ಕಾಟು

ಹಲ್ ಊರಿನ ದಕ್ಕೆಯಲ್ಲೊಂದು ಬೋರ್ಡು.
ಉಬ್ಬರ ಎಷ್ಟು ಗಂಟೆಗೆಂದು ಸಣ್ಣ ದೋಣಿಗಳಿಗೆ ಹೇಳುವುದು.
ಅದರ ಹಿಂದಿನ ಪ್ರೋಗ್ರಾಮಿನಲ್ಲೊಂದು ಸಾಲು:
ಇಂಥ ತಾರೀಖಿನಿಂದ ಇಂಥ ತಾರೀಖಿಗೆ ಒಂದು ಗಂಟೆ ಕೂಡಿಸು.
ಯಾಕೆ ಎಂದು ಬರೆದಿಲ್ಲ.

ಚರಿತ್ರೆ ತೆರೆದೆ. ಯಾರೋ ಅದನ್ನು ತೆಗೆದಿದ್ದರು,
ಮೌರೀನ್ ಥ್ಯಾಕ್ರೆ ಮತ್ತೆ ಹಾಕಿದ್ದಳು.
ಅವಳ ಟಿಪ್ಪಣಿ ಒಂದೇ ಪದ: ರಿವರ್ಟ್.
ಬಾಗಿಲು ಎಳೆದುಕೊಂಡು ಹೋದವರ ಬೆನ್ನಿನಂಥ ಪದ.
ಮೌರೀನ್ ಈಗ ನಿವೃತ್ತೆ, ಬ್ರಿಡ್ಲಿಂಗ್ಟನ್ನಿನಲ್ಲಿ ಕೋಳಿ ಸಾಕಿದ್ದಾಳಂತೆ.
ನಾನು ಹೊಸಬಳು, ಕಸ ಗುಡಿಸುವ ಹುರುಪಿನವಳು,
ತೆಗೆದೆ.

ಮಾರ್ಚ್ ಕೊನೆಯ ಭಾನುವಾರ ಇಡೀ ದೇಶ
ಗಡಿಯಾರದ ಮುಳ್ಳನ್ನು ಒಂದು ಗಂಟೆ ಮುಂದೆ ತಳ್ಳಿತು.
ನೀರು ತಳ್ಳಲಿಲ್ಲ.
ಐದೂ ಹತ್ತಕ್ಕೆ ಉಬ್ಬರ ಎಂದಿತು ಬೋರ್ಡು. ನಂಬಿ ಒಳಬಂದ
ಕಾಲಿನ್ ಹೆಬಲ್‌ವೈಟನ ದೋಣಿ ಕಂದು ಕೆಸರಲ್ಲಿ ಕೂತಿತು,
ಆರೂ ಹತ್ತರವರೆಗೆ. ಅಷ್ಟು ಹೊತ್ತೂ ಫೋನಿನಲ್ಲಿ ನಾನು.
ಅವನ ಬೈಗುಳದಲ್ಲಿ ಅರ್ಧ ತಿಳಿಯಲಿಲ್ಲ,
ತಿಳಿದ ಅರ್ಧವೇ ಸಾಕಿತ್ತು.

ಸಾಲನ್ನು ವಾಪಸು ಹಾಕಲು ಎರಡು ನಿಮಿಷ.
ಟಿಪ್ಪಣಿಯ ಜಾಗದಲ್ಲಿ ಯಂತ್ರ ಆಗಲೇ ಬರೆದಿಟ್ಟಿತ್ತು: ರಿವರ್ಟ್.
ಹೂಂ ಎಂದು ಒತ್ತಿದರೆ ಮುಗಿಯಿತು.
ಬೆರಳು ನಿಂತಿತು.

ದೊಡ್ಡಮ್ಮನ ಗಂಡ ಪುಟ್ಟರಂಗಯ್ಯ, ಮಧುಗಿರಿಯ
ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಪತ್ರ ಬರೆಯುತ್ತಿದ್ದವರು,
ತಪ್ಪಿದರೆ ಒಂದೇ ಗೀಟು ಎಳೆಯುತ್ತಿದ್ದರು, ತೆಳ್ಳಗೆ.
“ಹೊಡೆದಿದ್ದು ಓದೋ ಹಾಗಿರಬೇಕು ಕಣೆ.
ಓದೋಕೆ ಬರದ ಹಾಗೆ ಹೊಡೆದ್ರೆ ಅದು ಕಾಟಲ್ಲ, ಕಳವು.”
ಪತ್ರದ ಕೊನೆಗೆ ಮತ್ತೆ ಎಣಿಸಿ ಬರೆಯುವರು:
ಏಳನೇ ಸಾಲಿನಲ್ಲಿ ‘ಪೂರ್ವಕ್ಕೆ’ ಹೊಡೆದು
‘ಪಶ್ಚಿಮಕ್ಕೆ’ ಎಂದು ತಿದ್ದಿದೆ, ಸರಿ.
ಪಕ್ಕದಲ್ಲಿ ಸಹಿ.

ಬರೆದೆ, ಇಂಗ್ಲಿಷಿನಲ್ಲೇ, ಆದರೆ ಅವರ ಧಾಟಿಯಲ್ಲಿ:
ಮಾರ್ಚ್ ಹನ್ನೊಂದರ ನನ್ನ ಬದಲಾವಣೆಯನ್ನು ಹಿಂದಕ್ಕೆ ತೆಗೆದಿದೆ.
ದಕ್ಕೆಯ ಮಾಪಕಕ್ಕೆ ಬೇಸಿಗೆ ಗಡಿಯಾರ ಗೊತ್ತಿಲ್ಲ,
ವರ್ಷವಿಡೀ ಅದರದು ಚಳಿಗಾಲದ ಗಂಟೆ.
ಈ ಸಾಲಿಲ್ಲದಿದ್ದರೆ ಬೋರ್ಡು ಒಂದು ಗಂಟೆ ಮುಂಚೆ ಉಬ್ಬರ ಹೇಳುತ್ತದೆ.
ಒಂದು ದೋಣಿ ಕೂತಿತ್ತು, ಯಾರಿಗೂ ಪೆಟ್ಟಿಲ್ಲ.
ಮಾಪಕ ಬದಲಾದ ದಿನ ತೆಗೆಯಿರಿ, ಅದಕ್ಕೆ ಮುಂಚೆ ಬೇಡ.
ಮೌರೀನ್ ಹಾಕಿದ್ದು ಸರಿಯಿತ್ತು.

ನಾಳೆ ಗ್ಯಾರೆತ್ ನಗುತ್ತಾನೆ,
ಒಂದು ಸಾಲಿಗೆ ಇಷ್ಟುದ್ದ ಪುರಾಣವೇ ಎಂದು.
ನಗಲಿ.

ಬಿಕ್ಕಲಂ ಎಂದು ಹಾಕಲು ಜಾಗ ಹುಡುಕಿದೆ.
ಹೆಸರು, ತಾರೀಖು, ಗಂಟೆ, ಎಲ್ಲ ಯಂತ್ರವೇ ಹಾಕಿಕೊಂಡಿತ್ತು.
ಯಾವ ಗಂಟೆ ಹಾಕಿದೆಯೋ ಎಂದು
ಒಮ್ಮೆ ಬಗ್ಗಿ ನೋಡಿದೆ.