ವಿಚಾರಿಸಿ

'ವಿಚಾರಿಸಿ' ಎಂದು ಬರೆದ ರಟ್ಟಿನ ಹಿಂದೆ
ನನ್ನನ್ನು ಕೂರಿಸಿ ಹೋದರು ಸಮಿತಿಯವರು.
ಒಂದು ಮೇಜು, ಒಂದು ಟಾರ್ಚು, ದಾರಕ್ಕೆ ಕಟ್ಟಿದ ಪೆನ್ನು,
ನೂರು ಪುಟದ ದೂರು ಪುಸ್ತಕ.
ಪಡುಬೈಲು ಜೋಡುಕರೆಯಲ್ಲಿ ಇದೇ ಮೊದಲು.
ಕೋಣಗಳಿಗೆ ಫ್ಯಾನು, ನೆರಳು, ಬೇಯಿಸಿದ ಹುರುಳಿ, ಮೈಗೆ ಎಣ್ಣೆ
ಮೊದಲಿನಿಂದಲೂ ಇತ್ತು;
ನೋಡಲು ಬಂದವರಿಗೆ ಈ ವರ್ಷ, ನಾನು.

ಎಂಟಕ್ಕೆ, ಕುಡಿಯುವ ನೀರೆಲ್ಲಿ?
ಎಂಟೂಕಾಲಿಗೆ, ಹೆಂಗಸರು ಎಲ್ಲಿಗೆ ಹೋಗಬೇಕು?
ಗದ್ದೆಯಾಚೆ ತಗಡಿನ ಮರೆ ಎರಡು, ಬಲ್ಬು ಒಂದೇ,
ಟಾರ್ಚು ಕೊಟ್ಟು ಕಳಿಸಿದೆ, ವಾಪಸು ಬರಲಿಲ್ಲ.
ಉಡುಪಿಗೆ ಕೊನೆಯ ಬಸ್ಸು ಎಷ್ಟಕ್ಕೆ?
ಹೋಯಿತು.
ಚರುಮುರಿಯವನು ಚಿಲ್ಲರೆ ಕೊಡಲಿಲ್ಲ, ಅದನ್ನೂ ಬರೆದುಕೊಂಡೆ.
ಮೈಕಿನವನು ಯಜಮಾನರ ಮನೆತನ ಹೊಗಳಿ ಮುಗಿಸಿ
ಗೆದ್ದದ್ದು ಯಾರೆನ್ನುವಷ್ಟರಲ್ಲಿ
ಗಂತಿನಿಂದ ಮುಂದಿನ ಜೋಡಿ ಬಿಟ್ಟಾಗಿರುತ್ತದೆ.

ಹನ್ನೊಂದರ ಮೇಲೆ ಬಂದವರು ಕಲ್ಯಾಣಿ ಪೂಜಾರ್ತಿ.
ಪೆನ್ನು ಮುಟ್ಟಲಿಲ್ಲ. ನೀನೇ ಬರಿ ಮಗಾ, ಎಂದರು.
'ಹದಿನೇಳು ವರ್ಷದಿಂದ ಬರುತ್ತಿದ್ದೇನೆ.
ನೋಡಿದ್ದು ಗಂಡಸರ ಬೆನ್ನು.
ಕೋಣದ ಬಾಲ, ಎರಡು ಸಲ.'

ಹೇಳಿದಂತೆಯೇ ಬರೆದೆ.
ಅಧ್ಯಕ್ಷ ಜಯಪಾಲ ಹೆಗ್ಡೆಯವರು ಓದಿ ನಕ್ಕರು,
ಬರುವ ವರ್ಷ ನೋಡುವಾ, ಎಂದು ಊಟಕ್ಕೆ ನಡೆದರು.

ಮಂಜೊಟ್ಟಿಗೆ ನೇರ ಎದುರು ಅತಿಥಿಗಳ ಸಾಲು,
ಬಿಳಿ ಬಟ್ಟೆ ಹೊದ್ದ ಅರುವತ್ತು ಕುರ್ಚಿ.
ಅತಿಥಿಗಳು ಶಾಲು ಹೊದ್ದು, ಫೋಟೋ ತೆಗೆಸಿ
ಹತ್ತಕ್ಕೇ ಕಾರು ಹತ್ತಿದ್ದರು.
ಖಾಲಿ ಕುರ್ಚಿಗಳಿಗೆ ಸುತ್ತಲೂ ಹಗ್ಗದ ಬೇಲಿ.
ಕರೆಯಲ್ಲಿ ಹಗ್ಗ ಹಿರಿಯ ಓಡುತ್ತಿತ್ತು.
ನಾನು ಈಚೆಯ ಹಗ್ಗ ಬಿಚ್ಚಿದೆ.

ಮೊದಲು ಯಾರೂ ಕೂರಲಿಲ್ಲ.
ಕಲ್ಯಾಣಕ್ಕ ಚಪ್ಪಲಿ ಕಳಚಿಟ್ಟು, ತುದಿಯಲ್ಲಿ, ಅರ್ಧ ಕುರ್ಚಿಯಲ್ಲಿ ಕೂತರು,
ಬ್ಯಾಂಕಿನಲ್ಲಿ ಸಾಲ ಕೇಳಲು ಕೂತಂತೆ.
ಆಮೇಲೆ ಬಸ್ಸು ತಪ್ಪಿದವರು, ಮಗು ಮಲಗಿಸಿಕೊಂಡವಳು,
ಚಿಲ್ಲರೆ ಸಿಗದವನೂ.

ಕನೆಹಲಗೆ ಬಂದಾಗ ಎರಡೂವರೆ.
ನೀರು ಎದ್ದು ನಿಂತಿತು,
ನಿಶಾನೆಯ ಬಟ್ಟೆಗೆ ತಾಗಿತೇ ಇಲ್ಲವೇ ಎಂದು
ತೀರ್ಪುಗಾರರು ತಲೆಯೆತ್ತಿ ಚರ್ಚಿಸುತ್ತಿದ್ದರೆ
ಮುಖದ ಕೆಸರು ಒರೆಸಿಕೊಳ್ಳದೆ ಕಲ್ಯಾಣಕ್ಕ
'ತಾಗಿತು' ಎಂದರು.
ಅವರನ್ನು ಯಾರೂ ಕೇಳಿರಲಿಲ್ಲ.

ಬೆಳಿಗ್ಗೆ ದೂರು ಪುಸ್ತಕದ ಕೊನೆಗೆ
ಅಧ್ಯಕ್ಷರ ಅಕ್ಷರದಲ್ಲಿ ಒಂದೇ ಸಾಲು:
ಬಿಳಿ ಬಟ್ಟೆ ಅರುವತ್ತು. ಒಗೆಸುವ ಖರ್ಚು ಯಾರದ್ದು?
ಕೆಳಗೆ ನನ್ನ ಹೆಸರು ಬರೆದೆ,
ಟಾರ್ಚಿನ ಲೆಕ್ಕವನ್ನೂ.